ಯುಗಾದಿ ಗಡಿಗೆ, ಮಿರಗದ ಸಸಿ

ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಹತ್ತಾರು ಮನೆ ಕೂಡಿ ತೋಟ ಮಾಡಲು ಫೆಬ್ರುವರಿಯಿಂದ ಮೇವರೆಗೆ ಐದು ಕಲಿಕೆಯ ದಿನಗಳು

ಯುಗಾದಿ ಹತ್ತಿರವಾದಂತೆ ಬೀದರ್ ಜಿಲ್ಲೆಯ ಮನೆಗಳಿಗೆ ಹೊಸ ಗಡಿಗೆ ಬರುತ್ತದೆ. ಹಬ್ಬದ ದಿನ ಅದರಲ್ಲಿ ಬೇವಿನ ಹೂವು, ಹೊಸ ಹುಣಸೆಹಣ್ಣು, ಬೆಲ್ಲ, ಮಾವಿನಕಾಯಿಯ ಚೂರು, ಪುಟಾಣಿ ಹಿಟ್ಟು ಕಲಸಿ ‘ಬೇವು’ ಮಾಡುತ್ತಾರೆ. ಮನೆಮಂದಿಯೆಲ್ಲ ಕುಡಿದು, ಬಂದವರಿಗೂ ಕೊಟ್ಟಾದ ಮೇಲೆ ಗಡಿಗೆಯ ಕೆಲಸ ಮುಗಿಯಿತು. ಕೆಲವು ಮನೆಗಳಲ್ಲಿ ಅದು ಬೇಸಿಗೆಯ ಕುಡಿಯುವ ನೀರಿಗೆ ಆಗುತ್ತದೆ, ಉಳಿದ ಕಡೆ ಹಿತ್ತಲ ಮೂಲೆ ಸೇರುತ್ತದೆ. ಅದೇ ಗಡಿಗೆಯನ್ನು ಕುತ್ತಿಗೆವರೆಗೆ ನೆಲದಲ್ಲಿ ಹೂತು ನೀರು ತುಂಬಿದರೆ, ಅದರ ಸುತ್ತ ನಾಲ್ಕು ಹೀರೆ ಬಳ್ಳಿ ಬಿರುಬೇಸಿಗೆಯನ್ನು ದಾಟಿಬಿಡುತ್ತವೆ.

ಪಂಚಾಂಗದಲ್ಲಿ ವಸಂತ ಚೈತ್ರಕ್ಕೆ ಶುರುವಾಗುತ್ತದೆ. ಬೀದರ್ ಸೀಮೆಯಲ್ಲಿ ಅಷ್ಟೊತ್ತಿಗೆ ಬಿಸಿಲು ಏರಿರುತ್ತದೆ. ಶಿವರಾತ್ರಿ ಕಳೆದರೆ ಚಳಿ ಹೋಯಿತು, ಹೋಳಿ ಕಳೆದರೆ ನೆರಳು ಹುಡುಕಬೇಕು, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ತಂಪು ನಾಡಿನವರು ವಸಂತದಲ್ಲಿ ಮಾಡುವ ತೋಟದ ಕೆಲಸವನ್ನು ಇಲ್ಲಿ ಹಾಗೇ ನಕಲು ಮಾಡಿದರೆ ಸಸಿ ಸುಟ್ಟುಹೋಗುತ್ತದೆ. ಇಲ್ಲಿನ ವಸಂತ ಕಡಿಮೆ ನೀರಲ್ಲಿ ಬೆಳೆಯುವುದನ್ನು ಕಲಿಯುವ ಕಾಲ. ಫೆಬ್ರುವರಿಯಿಂದ ಮೇವರೆಗೆ ಮಣ್ಣು, ಬೀಜ, ನೀರು, ನೆರಳು ಮತ್ತು ಸಸಿಯ ಪಾಠವನ್ನು ಒಂದೊಂದಾಗಿ ಕಲಿತ ಗುಂಪಿಗೆ ಜೂನಿನಲ್ಲಿ ಮಿರಗ (ಮೃಗಶಿರಾ ಮಳೆ) ಕೂಡಿದಾಗ ಮುಕ್ಕಾಲು ಕೆಲಸ ಮುಗಿದಿರುತ್ತದೆ.

ಭಜ್ಜಿಯ ಪಾತ್ರೆಯಲ್ಲೇ ಪಟ್ಟಿ ಇದೆ

ಕೂಡಿ ಬೆಳೆಯುವ, ಕೂಡಿ ಉಣ್ಣುವ ರೂಢಿ ಈ ಸೀಮೆಗೆ ಹೊಸದಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ, ನೆಂಟರನ್ನೂ ನೆರೆಯವರನ್ನೂ ಕರೆದು ಬಡಿಸುವ ಊಟದಲ್ಲಿ ಭಜ್ಜಿಗೇ ಮೊದಲ ಮರ್ಯಾದೆ. ಹಸಿ ಕಡಲೆ, ಹಸಿ ತೊಗರಿ, ಅವರೆ, ಶೇಂಗಾ, ಮೆಂತೆ, ಪಾಲಕ್, ಪುಂಡಿ, ಬದನೆ, ಗಜ್ಜರಿ ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಸಜ್ಜೆ ರೊಟ್ಟಿ, ಅಂಬಲಿಯ ಜೊತೆ ಬರುತ್ತವೆ. ಒಂದೇ ಮನೆಯ ಹಿತ್ತಲಲ್ಲಿ ಇಷ್ಟೆಲ್ಲ ಬೆಳೆಯುವುದು ಕಷ್ಟ. ಹತ್ತು ಮನೆ ಕೂಡಿದರೆ ಸುಲಭ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ ಒಬ್ಬರು ಸೊಪ್ಪು ಸೇರಿ 400 ಗ್ರಾಂ ತರಕಾರಿ ತಿನ್ನಬೇಕು ಎನ್ನುತ್ತದೆ. ಐದು ಜನರ ಮನೆಗೆ ಅದು ದಿನಕ್ಕೆ 2 ಕಿಲೋ. ಏಪ್ರಿಲ್-ಮೇನಲ್ಲಿ ಪಲ್ಲೆಯ ಬೆಲೆ ಏರಿದಾಗ ಮೊದಲು ಕಡಿಮೆಯಾಗುವುದು ತಟ್ಟೆಯ ತಪ್ಪಲು ಪಲ್ಲೆ. ಸಮುದಾಯ ತೋಟ ಆ ಪೂರ್ತಿ 2 ಕಿಲೋ ಕೊಡಲಾರದು, ಆದರೆ ವಾರಕ್ಕೆ ಮೂರು ದಿನ ಹಸಿರು ಸೊಪ್ಪು ತಪ್ಪದಂತೆ ನೋಡಿಕೊಳ್ಳಬಲ್ಲದು.

ಪೇಟೆಯವರಿಗೂ ಈ ದಾರಿ ಗೊತ್ತಿದೆ. ಬೆಂಗಳೂರಿನ ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ 2011ರಿಂದ ನಡೆಸಿಕೊಂಡು ಬಂದ ‘ಊಟ ಫ್ರಂ ಯುವರ್ ತೋಟ’ ಮೇಳಗಳು ತಾರಸಿಯ ಮೇಲೆ ಕುಂಡ ಇಟ್ಟ ಸಾವಿರಾರು ಮಂದಿಯನ್ನು ಬೀಜ, ಗೊಬ್ಬರ ಮತ್ತು ಅನುಭವದ ವಿನಿಮಯಕ್ಕೆ ಒಂದೆಡೆ ತಂದವು. ಬೀದರ್ ಸೀಮೆಯಲ್ಲಿ ತಾರಸಿಯೇ ಬೇಕೆಂದಿಲ್ಲ. ಶಾಲೆ, ಅಂಗನವಾಡಿ, ಗುಡಿಯ ಹಿಂದಿನ ಬಯಲು, ಬಡಾವಣೆಯ ಉದ್ಯಾನದ ಒಂದು ಮೂಲೆ ಸಾಕು.

ಜಾಗ, ಜನ, ಕರಾರು

ಶುರುವಿಗೆ 30 ಅಡಿ ಅಗಲ, 40 ಅಡಿ ಉದ್ದದ ಜಾಗ, 12ರಿಂದ 15 ಮನೆಗಳು ಸಾಕು. ಇದಕ್ಕಿಂತ ದೊಡ್ಡದಾಗಿ ಹೊರಟರೆ ಮೊದಲ ಬೇಸಿಗೆಯಲ್ಲೇ ನೀರು, ಉತ್ಸಾಹ ಎರಡೂ ಬತ್ತುತ್ತವೆ. ಜಾಗ ನೋಡುವಾಗ ನೀರು ಎಷ್ಟು ದೂರ ಎಂದು ಮೊದಲು ಅಳೆಯಬೇಕು. ಕೊಡ ಹೊತ್ತು 50 ಹೆಜ್ಜೆಗಿಂತ ಹೆಚ್ಚು ನಡೆಯಬೇಕಾದ ತೋಟವನ್ನು ಏಪ್ರಿಲ್ ಹೊತ್ತಿಗೆ ಜನ ಕೈಬಿಡುತ್ತಾರೆ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಪಶ್ಚಿಮದಿಂದ ಗೋಡೆಯದೋ ಬೇವಿನ ಮರದ್ದೋ ನೆರಳು ಸಿಗುವ ಜಾಗ ಎಲ್ಲಕ್ಕಿಂತ ಒಳ್ಳೆಯದು.

ಜನರನ್ನು ಕೂಡಿಸಲು ಈ ಜಿಲ್ಲೆಗೆ ಒಂದು ದೊಡ್ಡ ಆಸ್ತಿ ಇದೆ: ಮಹಿಳಾ ಸ್ವಸಹಾಯ ಗುಂಪು. ಬೀದರ್ ಡಿಸಿಸಿ ಬ್ಯಾಂಕ್ ಈ ಗುಂಪುಗಳಿಗೆ ಸಾಲ ಜೋಡಿಸಿದ ಕೆಲಸ ನಾಡಿನಾಚೆಗೂ ಹೆಸರಾಗಿದೆ. ವಾರಕ್ಕೊಮ್ಮೆ ಕೂಡುವ, ಲೆಕ್ಕ ಬರೆಯುವ, ತಪ್ಪಿಸಿಕೊಂಡವರನ್ನು ಮನೆಗೆ ಹೋಗಿ ಕೇಳುವ ಶಿಸ್ತು ಅಲ್ಲಿ ಆಗಲೇ ಇದೆ. ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ತೋಟದ ಲೆಕ್ಕವನ್ನೂ ಬರೆಯಬಹುದು.

ಕರಾರು ಮೂರು ಸಾಲಿನದ್ದಾಗಲಿ. ಯಾವ ದಿನ ಯಾರ ನೀರಿನ ಪಾಳಿ, ಕೊಯ್ದದ್ದನ್ನು ಹೇಗೆ ಹಂಚುವುದು, ಊರಿಗೆ ಹೋದವರ ಪಾಳಿಯನ್ನು ಯಾರು ಹೊರುವುದು. ಇಷ್ಟನ್ನು ಬರೆದು, ಓದಿ ಹೇಳಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ಜಾಗ ಶಾಲೆಯದೋ ಪಂಚಾಯಿತಿಯದೋ ಆಗಿದ್ದರೆ ಬಾಯಿಮಾತು ಸಾಲದು, ಕಾಗದದ ಒಪ್ಪಿಗೆ ಬೇಕು.

ಮೊದಲ ದಿನ: ಮಣ್ಣು ಹಿಡಿದು ನೋಡುವುದು

ಫೆಬ್ರುವರಿಯ ಮೊದಲ ವಾರ, ಬೆಳಿಗ್ಗೆ ಏಳರಿಂದ ಒಂಬತ್ತೂವರೆ.

ಮೂರು ಊರಿನ ಪಾಠ ಇಲ್ಲೇ ಬೇರೆಯಾಗುತ್ತದೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಮೇಲೆ. ಆ ಕೆಂಪು ಕಲ್ಲು ಜರಡಿ ಇದ್ದ ಹಾಗೆ. ಮಳೆ ಬಿದ್ದ ನೀರು ಸರಸರನೆ ಒಳಗಿಳಿದು ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ನರಸಿಂಹ ಝರಣಿ, ಗುರುನಾನಕ ಝರಾ ಚಿಮ್ಮುವುದು ಈ ಕಾರಣಕ್ಕೆ. ಬಹಮನಿ ಕಾಲದವರು ನೌಬಾದಿನ ಬಳಿ ಸುರಂಗ ಕೊರೆದು ಕರೇಜ್ ಎಂಬ ನೆಲದಡಿಯ ಕಾಲುವೆ ಕಟ್ಟಿ ನೀರು ತಂದದ್ದೂ ಈ ಗುಣವನ್ನು ಓದಿಕೊಂಡೇ. ಕೋಟೆಯೊಳಗೆ ಸೋಲಹ ಖಂಬ ಮಸೀದಿಯ ಎದುರಿನ ಲಾಲ್‌ಬಾಗಿನ ಕಾಲುವೆ, ಕಾರಂಜಿಗಳನ್ನು ನೋಡಿದರೆ ತೋಟ ಬೆಳೆಸುವ ಮೊದಲು ಅವರು ನೀರಿನ ದಾರಿ ಮಾಡಿದ್ದು ಕಾಣುತ್ತದೆ. ಈ ಮಣ್ಣಿನಲ್ಲಿ ಬೇರು ಕೊಳೆಯುವ ಭಯ ಕಡಿಮೆ. ಆದರೆ ನೀರಿನ ಜೊತೆ ಸತ್ವವೂ ಇಳಿದುಹೋಗುತ್ತದೆ. ತಿಪ್ಪೆ ಗೊಬ್ಬರ ಧಾರಾಳವಾಗಿ ಸೇರಿಸಿದರಷ್ಟೇ ಮಣ್ಣು ತೇವ ಹಿಡಿಯುತ್ತದೆ.

ಭಾಲ್ಕಿ, ಔರಾದಿನ ಬಹುಪಾಲು ಎರೆ ನೆಲ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಬೆಳೆಯುವ ಕಪ್ಪು ಮಣ್ಣು. ಹಸಿಯಾದರೆ ಉಬ್ಬಿ ಕಾಲಿಗೆ ಅಂಟುತ್ತದೆ, ಒಣಗಿದರೆ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ತೇವ ಹಿಡಿಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಮಳೆಗಾಲದಲ್ಲಿ ನೀರು ನಿಂತರೆ ಟೊಮೆಟೊ, ಮೆಣಸಿನಗಿಡ ಮಲಗುತ್ತವೆ. ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಕಬ್ಬಿಣ, ಸತುವು ಗಿಡಕ್ಕೆ ದಕ್ಕದೆ ಎಳೆಯ ಎಲೆಯ ನರ ಹಸಿರಾಗಿ, ನಡುವೆ ಹಳದಿಯಾಗಿ ಕಾಣುತ್ತದೆ.

ಪುಸ್ತಕ ಬೇಡ, ಎರಡು ಪರೀಕ್ಷೆ ಸಾಕು. ಒಂದು, ಹಸಿ ಮಣ್ಣನ್ನು ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯುವುದು. ಎರಡು ಅಂಗುಲದವರೆಗೆ ಮುರಿಯದೆ ಬಂದರೆ ಜೇಡಿ ಹೆಚ್ಚು, ಅರ್ಧ ಅಂಗುಲಕ್ಕೆ ಉದುರಿದರೆ ಮರಳು ಹೆಚ್ಚು. ಎರಡು, ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಸಾಬೂನು ಪುಡಿ ಬೆರೆಸಿ ಕುಲುಕಿಡುವುದು. ಒಂದು ನಿಮಿಷಕ್ಕೆ ಮರಳು, ಎರಡು ತಾಸಿಗೆ ಹೂಳು, ಮರುದಿನಕ್ಕೆ ಜೇಡಿ ಪದರ ಪದರವಾಗಿ ಕೂಡುತ್ತವೆ. ಮಕ್ಕಳು ಈ ಬಾಟಲಿಯನ್ನು ಬಿಟ್ಟು ಏಳುವುದಿಲ್ಲ.

ಪ್ರಯೋಗಾಲಯಕ್ಕೆ ಕಳಿಸಲು ಎಂಟು-ಹತ್ತು ಕಡೆ 6 ಅಂಗುಲ ಆಳದ ಕುಣಿ ತೋಡಿ, ಬದಿಯಿಂದ ಹೋಳು ತೆಗೆದು, ಕೂಡಿಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಗೊಬ್ಬರದ ಗುಂಡಿಯ ಪಕ್ಕದ ಮಣ್ಣು ಮಾತ್ರ ಬೇಡ.

ಅದೇ ದಿನ ಮಡಿ ಮಾಡಿ ಮುಗಿಸಬೇಕು. ಅಗಲ ನಾಲ್ಕು ಅಡಿ ಮೀರಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡು ಮುಟ್ಟಬೇಕು. ಬೇಸಿಗೆಗೆ ಮಡಿ ನೆಲಕ್ಕಿಂತ ನಾಲ್ಕು ಅಂಗುಲ ತಗ್ಗಿರಲಿ, ಕೊಟ್ಟ ನೀರು ಅಲ್ಲೇ ಉಳಿಯುತ್ತದೆ.

ಎರಡನೆಯ ದಿನ: ಬೀಜ

ಫೆಬ್ರುವರಿಯ ಮೂರನೆಯ ವಾರ ಬಿತ್ತನೆ. ಅದಕ್ಕೆ ಐದು ದಿನ ಮುಂಚೆ ಪ್ರತಿ ಮನೆಯೂ ಹತ್ತು ಬೀಜವನ್ನು ಹಸಿ ಬಟ್ಟೆಯಲ್ಲಿ ಸುತ್ತಿಟ್ಟು ನೋಡಲಿ. ಏಳಕ್ಕಿಂತ ಹೆಚ್ಚು ಮೊಳೆತರೆ ಬಿತ್ತಬಹುದು, ಐದಕ್ಕಿಂತ ಕಡಿಮೆಯಾದರೆ ಬೇರೆ ಬೀಜ ಹುಡುಕಬೇಕು.

ಈ ಹೊತ್ತಿಗೆ ಬರುವ ಬೆಳೆಗಳು ಇವು. ರಾಜಗಿರಿ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣಾ’ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಪುಂಡಿ ಬಿಸಿಲಿಗೆ ಹೆದರುವುದಿಲ್ಲ. ಬೆಂಡೆ 45-50 ದಿನ, ಸೌತೆಯೂ ಹತ್ತಿರಹತ್ತಿರ ಅಷ್ಟೇ. ಚವಳಿಕಾಯಿ ಎರೆ ನೆಲಕ್ಕೂ ಕೆಂಪು ನೆಲಕ್ಕೂ ಹೊಂದುತ್ತದೆ, ನೀರೂ ಕಡಿಮೆ ಸಾಕು. ಬೆಂಡೆಯಲ್ಲಿ ಎಲೆಯ ನರ ಹಳದಿಯಾಗುವ ನಂಜುರೋಗವೇ ದೊಡ್ಡ ಕಾಟ. ಅದನ್ನು ತಡೆಯಲೆಂದೇ ರೂಪಿಸಿದ ‘ಅರ್ಕಾ ಅನಾಮಿಕಾ’ ಹಾಕಿದರೆ ಅರ್ಧ ಚಿಂತೆ ಕಳೆಯಿತು. ಮೆಂತೆ, ಕೊತ್ತಂಬರಿಗೆ ಇದೇ ಕೊನೆಯ ಅವಕಾಶ. ಮಾರ್ಚ್ ಕಳೆದರೆ ಎಲೆ ಬಿಡುವ ಮೊದಲೇ ಹೂ ಬಿಡುತ್ತವೆ. ಎಲ್ಲವನ್ನೂ ಒಂದೇ ದಿನ ಬಿತ್ತದೆ, ಸೊಪ್ಪಿನ ಮಡಿಯನ್ನು ಮೂರು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತಿದರೆ ಕೊಯ್ಲೂ ಸರದಿಯಲ್ಲಿ ಬರುತ್ತದೆ.

ಬೀಜದ ಪಾಠಕ್ಕೆ ದೂರ ಹೋಗಬೇಕಿಲ್ಲ. ಬೀದರಿನಿಂದ ಸುಮಾರು 30 ಕಿಲೋಮೀಟರ್, ತೆಲಂಗಾಣದ ಜಹೀರಾಬಾದ್ ಪಕ್ಕದ ಪಸ್ತಾಪುರ. ಅಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿ ಬೆಳೆಸಿದವರಲ್ಲಿ ಮುಂದೆ ನಿಂತವರು ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್. ಸಿರಿಧಾನ್ಯಕ್ಕಾಗಿ ಜೀವ ತೇಯ್ದ ಅವರು 2023ರ ಮಾರ್ಚಿನಲ್ಲಿ ತೀರಿಕೊಂಡರು. ಅಲ್ಲಿನ ಸಂಘಗಳ ಹೆಣ್ಣುಮಕ್ಕಳು, ಹೆಚ್ಚಿನವರು ದಲಿತ ರೈತ ಮಹಿಳೆಯರು, ತಮ್ಮ ಬೀಜವನ್ನು ತಾವೇ ಆಯ್ದು ಕಾಪಿಡುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳನ್ನು ಬೀಜಗಳಿಂದ ಸಿಂಗರಿಸಿ ಊರೂರಿಗೆ ಜಾತ್ರೆ ಒಯ್ಯುತ್ತಾರೆ. 2019ರಲ್ಲಿ ಇವರ ಸಂಘಗಳಿಗೆ ವಿಶ್ವಸಂಸ್ಥೆಯ ಯುಎನ್‌ಡಿಪಿ ಈಕ್ವೇಟರ್ ಪ್ರಶಸ್ತಿ ಬಂತು.

ಅವರ ವಿಧಾನ ಯಾವ ಮನೆಯಲ್ಲೂ ನಡೆಯುತ್ತದೆ. ಬೀಜವನ್ನು ಹಲ್ಲಿಗೆ ಕಟುಮ್ಮೆನ್ನುವಷ್ಟು ಒಣಗಿಸಿ, ಬೂದಿ ಮತ್ತು ಒಣ ಬೇವಿನ ಎಲೆ ಬೆರೆಸಿ, ಬಿದಿರ ಬುಟ್ಟಿಯಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತುವುದು. ತೋಟದಲ್ಲಿ ಬೆಂಡೆಯ ಎರಡು ಒಳ್ಳೆಯ ಗಿಡಕ್ಕೆ ಕೆಂಪು ದಾರ ಕಟ್ಟಿ, ಅವುಗಳ ನಡುವಣ ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಮಳೆಗಾಲದ ಬೀಜ ಕೈಯಲ್ಲೇ ಇರುತ್ತದೆ. ಹೈಬ್ರಿಡ್ ಪೊಟ್ಟಣದ ಬೀಜದಲ್ಲಿ ಇದು ನಡೆಯುವುದಿಲ್ಲ, ಮರುವರ್ಷ ತಳಿ ಚದುರುತ್ತದೆ.

ಮೂರನೆಯ ದಿನ: ಗಡಿಗೆ ಹೂಳುವುದು

ಯುಗಾದಿ ಮುಗಿದ ಮೊದಲ ಭಾನುವಾರ. ಪ್ರತಿ ಮನೆಯಿಂದ ಒಂದೆರಡು ಗಡಿಗೆ ತರಬೇಕು.

ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಕೃಷಿ ಗ್ರಂಥದಲ್ಲೇ ಹೂತ ಮಡಕೆಯ ನೀರಾವರಿಯ ಮಾತಿದೆ. ತತ್ವ ಸರಳ. ಸುಟ್ಟ ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಹೊರಗಿನ ಮಣ್ಣು ಒಣಗಿದ್ದರೆ ನೀರು ಜಿನುಗುತ್ತದೆ, ಹಸಿಯಾಗಿದ್ದರೆ ಜಿನುಗು ತಾನೇ ಕಡಿಮೆಯಾಗುತ್ತದೆ. ಬೇರು ಎಷ್ಟು ಎಳೆಯುತ್ತದೋ ಅಷ್ಟೇ ಖರ್ಚು.

ಮೊದಲು ಗಡಿಗೆ ಪರೀಕ್ಷೆ. ನೀರು ತುಂಬಿಟ್ಟು ತಾಸು ಬಿಟ್ಟು ಹೊರಮೈ ಸವರಿದರೆ ಅಂಗೈಗೆ ತಂಪು ತೇವ ಹತ್ತಬೇಕು. ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಬಾರದು. ಗಡಿಗೆಗಿಂತ ಒಂದು ಗೇಣು ಅಗಲವಾಗಿ ಕುಣಿ ತೋಡಿ, ತಳಕ್ಕೆ ಎರಡು ಅಂಗುಲ ಗೊಬ್ಬರದ ಮಣ್ಣು ಹಾಕಿ, ಗಡಿಗೆ ಕೂಡಿಸಿ, ಬಾಯಿ ಮಾತ್ರ ಎರಡು ಅಂಗುಲ ಮೇಲೆ ಕಾಣುವಂತೆ ಸುತ್ತ ಮಣ್ಣು ತುಂಬಿ ಒತ್ತಬೇಕು. ಗೋಡೆಗೂ ಮಣ್ಣಿಗೂ ಸಂದು ಉಳಿದರೆ ನೀರು ದಾಟುವುದಿಲ್ಲ. ಬೀದರಿನ ಕೆಂಪು ಮಣ್ಣಲ್ಲಿ ಜಿನುಗಿದ ನೀರು ಕೆಳಕ್ಕೆ ಓಡುವುದರಿಂದ ಸುತ್ತ ಅರ್ಧಕ್ಕರ್ಧ ಗೊಬ್ಬರ ಬೆರೆಸಿದ ಮಣ್ಣೇ ಇರಲಿ. ಎರೆ ನೆಲದಲ್ಲಿ ತೇವ ಅಡ್ಡಕ್ಕೆ ಹರಡುತ್ತದೆ, ಆದರೆ ಮಣ್ಣು ಬಿರಿದು ಗಡಿಗೆಯಿಂದ ದೂರ ಸರಿಯುತ್ತದೆ. ಅಲ್ಲಿ ಮೇಲೆ ಹೊಟ್ಟಿನ ಹೊದಿಕೆ ಕಡ್ಡಾಯ.

ಗಡಿಗೆಯಿಂದ ನಾಲ್ಕು ಬೆರಳು ದೂರದಲ್ಲಿ ಹೀರೆ, ಹಾಗಲ ಅಥವಾ ಸೌತೆಯ ಆರು ಬೀಜ ಊರಿ, ಮೊಳೆತ ಮೇಲೆ ಗಟ್ಟಿಯಾದ ನಾಲ್ಕನ್ನು ಉಳಿಸಿಕೊಳ್ಳಬೇಕು. ಮೊದಲ ವಾರ ಮೇಲಿಂದಲೂ ನೀರು ಚಿಮುಕಿಸಬೇಕು. ಬೇರು ಗಡಿಗೆ ಮುಟ್ಟಿದ ಮೇಲೆ ಅದರ ಅಗತ್ಯವಿಲ್ಲ. ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಸಂತಾನ ಬೆಳೆಯುತ್ತದೆ. 6 ಲೀಟರಿನ 20 ಗಡಿಗೆಗಳನ್ನು ಮೂರು ದಿನಕ್ಕೊಮ್ಮೆ ತುಂಬಿದರೆ ಖರ್ಚು 120 ಲೀಟರ್, ಎಂದರೆ ದಿನಕ್ಕೆ 40 ಲೀಟರ್. ನಾಲ್ಕು ಕೊಡವೂ ಅಲ್ಲ. ಉಪ್ಪು ನೀರಿನ ಊರಲ್ಲಿ ವರ್ಷದ ಕೊನೆಗೆ ಗಡಿಗೆ ತೆಗೆದು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿದರೆ ರಂಧ್ರ ತೆರೆಯುತ್ತದೆ.

ನಾಲ್ಕನೆಯ ದಿನ: ಹೊಟ್ಟು, ನೆರಳು, ಜೀವಾಮೃತ

ಏಪ್ರಿಲ್ ಎರಡನೆಯ ವಾರಕ್ಕೆ ಬಿಸಿಲು ಮಡಿಯನ್ನು ಸುಡತೊಡಗುತ್ತದೆ. ರಾಶಿ ಮುಗಿದ ಹೊಲದಲ್ಲಿ ಸೋಯಾ, ಉದ್ದು, ತೊಗರಿಯ ಹೊಟ್ಟು ಈಗ ಸಿಗುತ್ತದೆ. ಕಬ್ಬು ಬೆಳೆಯುವ ಭಾಲ್ಕಿ ಕಡೆ ರವದಿಯನ್ನು ಬೆಂಕಿ ಹಚ್ಚಿ ಸುಡುವ ಬದಲು ತೋಟಕ್ಕೆ ಕೇಳಿ ತರಬಹುದು. ಮೂರು ಅಂಗುಲ ಹೊದಿಸಿ, ಕಾಂಡದ ಬುಡದಲ್ಲಿ ಎರಡು ಬೆರಳು ಜಾಗ ಬಿಡಬೇಕು. ಹೊದಿಕೆಯ ಕೆಳಗೆ ಕೈ ತೂರಿಸಿ, ಮತ್ತೆ ಪಕ್ಕದ ಬರಿ ಮಣ್ಣು ಮುಟ್ಟಿದರೆ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಸೊಪ್ಪಿನ ಮಡಿಗೆ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬೇಕು. ಹಸಿರು ಬಲೆ ಇಲ್ಲದಿದ್ದರೆ ತೊಗರಿ ಕಟ್ಟಿಗೆಯ ಚಪ್ಪರ, ಅದರ ಮೇಲೆ ಹಳೆ ಸೀರೆ.

ಜೀವಾಮೃತವೆಂಬ ದ್ರವ ಗೊಬ್ಬರವನ್ನು ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಎಕರೆಗೆ 200 ಲೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಸಣ್ಣ ತೋಟಕ್ಕೆ ಹತ್ತನೆಯ ಒಂದು ಪಾಲು ಸಾಕು: 20 ಲೀಟರ್ ನೀರು, 1 ಕಿಲೋ ಸಗಣಿ, 1 ಲೀಟರ್ ಗಂಜಲ, ಬೆಲ್ಲ ಮತ್ತು ಕಡಲೆ ಹಿಟ್ಟು ತಲಾ 200 ಗ್ರಾಂ, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಬೆಳಿಗ್ಗೆ-ಸಂಜೆ ಕೋಲಿನಿಂದ ತಿರುವಿ, 48 ತಾಸಿನ ನಂತರ ಹತ್ತು ಪಾಲು ನೀರಿಗೆ ಬೆರೆಸಿ ಬುಡಕ್ಕೆ ಕೊಡಬೇಕು. ವಾರದೊಳಗೆ ಮುಗಿಸಬೇಕು. ದೇವಣಿ ದನದ ಸೀಮೆಯಾದ ಔರಾದಿನಲ್ಲಿ ಸಗಣಿ-ಗಂಜಲಕ್ಕೆ ಬರವಿಲ್ಲ. ಬೀದರ್ ನಗರದವರು ಗೌಳಿಗರ ಕೊಟ್ಟಿಗೆ ಕೇಳಬೇಕು.

ಕೀಟಕ್ಕೆ ಮೊದಲ ಮದ್ದು ಕಣ್ಣು. ಎರಡು ದಿನಕ್ಕೊಮ್ಮೆ ಎಲೆಯ ಅಡಿ ತಿರುವಿ ನೋಡಿದರೆ ಮೊಟ್ಟೆಯ ಗುಂಪು ಕೈಗೇ ಸಿಗುತ್ತದೆ. ಡಬ್ಬಿಯ ತಗಡಿಗೆ ಹಳದಿ ಬಣ್ಣ ಬಳಿದು ಔಡಲ ಎಣ್ಣೆ ಸವರಿ ಮಡಿಯಲ್ಲಿ ನೆಟ್ಟರೆ ಬಿಳಿನೊಣ ಬಂದು ಅಂಟುತ್ತದೆ. ಬೇವಿನ ಬೀಜದ ತಿರುಳನ್ನು ಲೀಟರಿಗೆ 50 ಗ್ರಾಂನಂತೆ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸಬೇಕು. ಹೊಸ ಬೇವಿನ ಬೀಜ ಉದುರುವುದು ಮೇ ಕೊನೆಯಿಂದ. ಈ ವರ್ಷ ಆಯ್ದು ನೆರಳಲ್ಲಿ ಒಣಗಿಸಿಟ್ಟರೆ ಬರುವ ವಸಂತಕ್ಕೆ ಆಗುತ್ತದೆ.

ಊರಾಚೆಯ ತೋಟಗಳಿಗೆ ಕೃಷ್ಣಮೃಗ, ಹಂದಿಯ ಕಾಟವೂ ಇರುತ್ತದೆ. ಕೃಷ್ಣಮೃಗಕ್ಕೆ ಕಾನೂನಿನ ಪೂರ್ಣ ರಕ್ಷಣೆ ಇದೆ. ಬೇಲಿಯ ತಂತಿಗೆ ವಿದ್ಯುತ್ ಹರಿಸುವ ಮಾತೇ ಬೇಡ. ಸದ್ಯಕ್ಕೆ ಮುಳ್ಳುಕಂಟಿ, ಮುಂದಕ್ಕೆ ಕವಳಿ ಗಿಡದ ಬೇಲಿ.

ಐದನೆಯ ದಿನ: ಸಸಿ ಮಡಿ ಮತ್ತು ಶುಂಠಿ

ಮೇ ಮೊದಲ ವಾರ ನೆರಳಿನ ಕೆಳಗೆ ಟೊಮೆಟೊ, ಬದನೆ, ಮೆಣಸಿನ ಸಸಿ ಮಡಿ ಹಾಕಬೇಕು. 25-30 ದಿನಕ್ಕೆ ಸಸಿ ಗೇಣುದ್ದವಾಗುವ ಹೊತ್ತಿಗೆ ಮಿರಗ ಎದುರಾಗುತ್ತದೆ. ಬೀಜ ಬಿತ್ತುವ ಆಳ ಬೀಜದ ದಪ್ಪಕ್ಕೆ ಎರಡರಷ್ಟೇ ಇರಲಿ. ನೀರು ಚಿಮುಕಿಸಲು ಮುಚ್ಚಳಕ್ಕೆ ಮೊಳೆಯಿಂದ ತೂತು ಹಾಕಿದ ಬಾಟಲಿ ಸಾಕು. ನಾಟಿಗೆ ವಾರ ಮುಂಚೆ ನೆರಳನ್ನೂ ನೀರನ್ನೂ ಮೆಲ್ಲಗೆ ಕಡಿಮೆ ಮಾಡಿದರೆ ಸಸಿ ಗಟ್ಟಿಯಾಗುತ್ತದೆ.

ಶುಂಠಿ ಈ ಜಿಲ್ಲೆಯ ಗುರುತು. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಬೀದರಿಗೆ ಬಂದದ್ದು ಅದೇ. ಒಂದು ಮಡಿ ಅದಕ್ಕೆ ಮೀಸಲಿಡಬೇಕು. 20-25 ಗ್ರಾಂ ತೂಕದ, ಒಂದೆರಡು ಕಣ್ಣಿರುವ ತುಂಡು ಆಯ್ದು, ಮೆತ್ತಗಾದದ್ದನ್ನು ಬೇರ್ಪಡಿಸಿ, ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾ ಬೆರೆಸಿದ ನೀರಲ್ಲಿ ಅರ್ಧ ತಾಸು ನೆನೆಸಿ, ನೆರಳಲ್ಲಿ ಆರಿಸಿ ಏರುಮಡಿಯಲ್ಲಿ ಊರಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಹಾಗಾಗಿ ಬೀದರಿನ ಕೆಂಪು ನೆಲಕ್ಕೆ ಇದು ಹೊಂದುತ್ತದೆ, ಎರೆ ನೆಲದಲ್ಲಿ ಮಡಿ ಒಂದು ಅಡಿ ಎತ್ತರ ಇರಬೇಕು. ಒಮ್ಮೆ ಶುಂಠಿ ತೆಗೆದ ಮಡಿಗೆ ಮರುವರ್ಷ ಶುಂಠಿ ಬೇಡ. ರೋಗ ಮಣ್ಣಲ್ಲೇ ಕಾಯುತ್ತಿರುತ್ತದೆ.

ಅಂಚಿನಲ್ಲಿ ಎರಡು ನುಗ್ಗೆ, ಒಂದು ಪೇರಲ, ಒಂದು ಕರಿಬೇವಿಗೆ ಎರಡಡಿ ಕುಣಿ ತೋಡಿ ಬಿಸಿಲಿಗೆ ಬಿಡುವುದೂ ಈ ದಿನದ ಕೆಲಸ. ನುಗ್ಗೆಗೆ ಅರಭಾವಿಯ ‘ಭಾಗ್ಯ’ ತಳಿ ಒಳ್ಳೆಯದು. ಮಕ್ಕಳ ಪಾಲಿಗೆ ಬೀಜದುಂಡೆ: ಎರೆ ಮಣ್ಣು, ಗೊಬ್ಬರ, ನಡುವೆ ಹೊಂಗೆಯ ಬೀಜ.

ಎರೆ ನೆಲದ ತೋಟಗಳಿಗೆ ಇನ್ನೊಂದು ಕೆಲಸ ಬಾಕಿ. ಬೇಸಿಗೆಯ ತಗ್ಗು ಮಡಿಗಳನ್ನು ಮೇ ಕೊನೆಗೆ ಒಂದೊಂದಾಗಿ ಎತ್ತರಿಸಿ, ನಡುವೆ ನೀರು ಹೋಗಲು ಕಾಲುವೆ ತೆಗೆಯಬೇಕು. ಇದನ್ನು ಮರೆತವರ ತೋಟ ಮೊದಲ ದೊಡ್ಡ ಮಳೆಗೇ ಕೆಸರಾಗುತ್ತದೆ.

ಕೇಳಲು ಯಾರ ಬಳಿ ಹೋಗಬೇಕು?

ಬೀದರಿನ ಕೃಷಿ ವಿಜ್ಞಾನ ಕೇಂದ್ರ ರೈತರಿಗೆ, ರೈತ ಮಹಿಳೆಯರಿಗೆ, ಯುವಕರಿಗೆ ತರಬೇತಿ ಕೊಡುತ್ತದೆ. ಹಳ್ಳದಕೇರಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ತೋಟಗಾರಿಕೆ ಮಹಾವಿದ್ಯಾಲಯ ಇದೆ. ದನ, ಗೊಬ್ಬರದ ಪ್ರಶ್ನೆಗೆ ನಂದಿನಗರದ ಪಶು ವಿಶ್ವವಿದ್ಯಾಲಯ. ಭಾಲ್ಕಿ, ಔರಾದಿನವರಿಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಮತ್ತು ರೈತ ಸಂಪರ್ಕ ಕೇಂದ್ರ ಹತ್ತಿರ. ಶಾಲೆಯ ಅಂಗಳ ಬಯಸುವವರು, ಶಾಲಾ ಪೌಷ್ಟಿಕ ಕೈತೋಟಕ್ಕೆ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ (ಈಗಿನ ಶಿಕ್ಷಣ) ಸಚಿವಾಲಯ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ ಎಂದು ಮುಖ್ಯ ಶಿಕ್ಷಕರಿಗೆ ನೆನಪಿಸಬಹುದು. ಹೋಗುವಾಗ ಒಬ್ಬರೇ ಹೋಗದೆ ಗುಂಪಿನ ನಾಲ್ವರು, ಬಾಟಲಿಯಲ್ಲಿ ಮಣ್ಣು, ಚೀಲದಲ್ಲಿ ರೋಗ ಬಿದ್ದ ಎಲೆ ಹಿಡಿದು ಹೋದರೆ ಉತ್ತರ ಬೇಗ ಸಿಗುತ್ತದೆ.

ಜೂನ್ ಮೊದಲ ವಾರದ ಸಂಜೆ ಮೋಡ ಕಟ್ಟಿದಾಗ ತೋಟದಲ್ಲಿ ಇರಬೇಕಾದದ್ದು ಇಷ್ಟು: ಗೇಣುದ್ದದ ಇನ್ನೂರು ಸಸಿ, ಎತ್ತರಿಸಿದ ಮಡಿ, ಗೊಬ್ಬರ ತುಂಬಿದ ನಾಲ್ಕು ಕುಣಿ, ಕೆಂಪು ದಾರ ಕಟ್ಟಿದ ಬೆಂಡೆಯ ಒಣ ಕಾಯಿ, ಗಡಿಗೆಗಳ ಸುತ್ತ ಇನ್ನೂ ಕಾಯಿ ಬಿಡುತ್ತಿರುವ ಹೀರೆ ಬಳ್ಳಿ. ಮಳೆ ಹಿಡಿದ ಮೇಲೆ ಗಡಿಗೆಗೆ ನೀರು ತುಂಬುವ ಪಾಳಿ ನಿಲ್ಲುತ್ತದೆ. ಪುಸ್ತಕದ ಅದೇ ಹಾಳೆಯಲ್ಲಿ ಕಳೆ ಕೀಳುವವರ ಪಾಳಿ ಬರೆಯುತ್ತಾರೆ.